ಹುಳಿಮಾವಿನಲ್ಲಿ ನಿದ್ದೆಹೋದ ಸೆಲ್

ಸೋಮವಾರ ಬೆಳಿಗ್ಗೆಯ ವರದಿ ಚೆನ್ನಾಗಿತ್ತು. ಅಷ್ಟು ಚೆನ್ನಾಗಿರುವ ವರದಿಯನ್ನು ಆ ಯೋಜನೆಯಲ್ಲಿ ನಾನು ಅದುವರೆಗೆ ನೋಡಿರಲಿಲ್ಲ. ಬನ್ನೇರುಘಟ್ಟ ರಸ್ತೆಯಿಂದ ಹೊಸಕೆರೆಹಳ್ಳಿಯವರೆಗಿನ ಮೊಬೈಲ್ ಟವರುಗಳಿಗೆ, ನೆಟ್‌ವರ್ಕ್ ನಡೆಸುವ ಆಪರೇಟರ್ ಕಂಪನಿಯ ಪರವಾಗಿ ನಾವು ಹೊಸ ಸಾಫ್ಟ್‌ವೇರ್ ಹಾಕಿ ಪ್ರಯೋಗ ನಡೆಸುತ್ತಿದ್ದೆವು. ಹಾಕಿದ ಮೇಲೆ ಕರೆ ಸೇರುವ ಪ್ರಮಾಣ ಏರಿತ್ತು, ಮಾತಿನ ನಡುವೆ ಕಡಿದುಹೋಗುವ ಕರೆಗಳು ಇಳಿದಿದ್ದವು. ಶುಕ್ರವಾರ ಮಧ್ಯಾಹ್ನ ಆಪರೇಟರ್ ಕಂಪನಿಯವರ ಮುಂದೆ ಈ ಅಂಕಿಗಳನ್ನಿಟ್ಟು, ಇವು ಸರಿಯಾಗಿವೆ ಎಂದು ನಾನು ಒಪ್ಪಿಗೆ ಕೊಟ್ಟರೆ, ಆ ವಾರಾಂತ್ಯವೇ ಅದೇ ಸಾಫ್ಟ್‌ವೇರ್ ಇಡೀ ಬೆಂಗಳೂರಿಗೆ ಹೋಗುವುದಿತ್ತು.

ನನ್ನ ಕೆಲಸದ ಬಗ್ಗೆ ಇಷ್ಟು ಹೇಳಿದರೆ ಸಾಕು. ಒಂದು ಟವರಿನ ಆಂಟೆನಾಗಳು ಮೂರು ದಿಕ್ಕಿಗೆ ಮುಖ ಮಾಡಿರುತ್ತವೆ. ಒಂದೊಂದು ದಿಕ್ಕಿನ ವ್ಯಾಪ್ತಿಯನ್ನು ಒಂದು ಸೆಲ್ ಎನ್ನುತ್ತೇವೆ. ಪ್ರತಿ ಸೆಲ್ ತನ್ನಷ್ಟಕ್ಕೆ ತಾನು ಎಣಿಸುತ್ತಿರುತ್ತದೆ: ಎಷ್ಟು ಫೋನುಗಳು ಕರೆಗೆ ಪ್ರಯತ್ನಿಸಿದವು, ಎಷ್ಟಕ್ಕೆ ಸಿಕ್ಕಿತು, ಎಷ್ಟು ಕಡಿದವು. ಹದಿನೈದು ನಿಮಿಷಕ್ಕೊಮ್ಮೆ ಈ ಎಣಿಕೆ ಒಂದು ಫೈಲಾಗಿ ಜೆ.ಪಿ. ನಗರದ ನಮ್ಮ ಆಫೀಸಿನ ಸರ್ವರಿಗೆ ಬರುತ್ತದೆ. ಅದನ್ನು ಶೇಕಡಾ ಲೆಕ್ಕಕ್ಕೆ ಇಳಿಸಿ, ಅದರ ಅರ್ಥವೇನೆಂದು ಹೇಳುವವಳು ನಾನು. ಟವರ್ ಹತ್ತುವವರು, ಸೆಲ್ಲನ್ನು ನಡೆಸುವ ಯಂತ್ರದ ಪೆಟ್ಟಿಗೆ ಬಿಚ್ಚುವವರು ಬೇರೆ ಇದ್ದಾರೆ.

ಆಪರೇಟರ್ ಕಂಪನಿಗೆ ಬಂದ ಗ್ರಾಹಕರ ದೂರುಗಳೂ ನನಗೆ ಬರುತ್ತವೆ. ಪ್ರಯೋಗದ ಪ್ರದೇಶದಿಂದ ಹಿಂದಿನ ವಾರ ಬಂದಿದ್ದೇ ಕೆಲವು. ಅವುಗಳಲ್ಲೊಂದು ಹುಳಿಮಾವಿನದು. 'ಸಿಗ್ನಲ್ ಫುಲ್, ಕಾಲ್ ಹೋಗುತ್ತಿಲ್ಲ, ಪೇಷೆಂಟ್ ಸೀರಿಯಸ್' ಎಂದಿತ್ತು. ಅದರ ಕೆಳಗೆ ಕಾಲ್ ಸೆಂಟರಿನವರು 'ಸ್ಥಳದಲ್ಲಿ ತೊಂದರೆ ಕಂಡುಬಂದಿಲ್ಲ' ಎಂದು ಬರೆದು ದೂರನ್ನು ಮುಚ್ಚಿದ್ದರು. ಸಿಗ್ನಲ್ ಇಲ್ಲ ಎಂಬ ದೂರು ದಿನವೂ ಬರುತ್ತದೆ. ಸಿಗ್ನಲ್ ಪೂರ್ತಿ ಇದೆ, ಕರೆ ಹೋಗುವುದಿಲ್ಲ ಎಂಬುದು ಬೇರೆ ಮಾತು. ನಾನು ಆ ನಂಬರಿಗೆ ಫೋನ್ ಮಾಡಿದೆ.

ಎತ್ತಿದವಳು ಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಮಾತಿನಲ್ಲೇ ಉತ್ತರ ಕರ್ನಾಟಕದವಳೆಂದು ಗೊತ್ತಾಯಿತು. ಬಿ.ಟಿ.ಎಂ. ಲೇಔಟಿನ ತನ್ನ ಬಾಡಿಗೆ ರೂಮಿನಲ್ಲಿದ್ದಳು, ಡ್ಯೂಟಿ ಮುಗಿಸಿ ಬಂದಿದ್ದಳು.

"ನೀವು ಕಸ್ಟಮರ್ ಕೇರ್‌ನೋರೇನ್ರೀ? ಸರಿ ಆಗೈತಿ ಅಂತ ಮೆಸೇಜ್ ಬಂದೈತಿ. ಏನ್ ಸರಿ ಆಗೈತ್ರೀ?"

ನಾನು ಅವರಲ್ಲ, ಟವರಿನ ಲೆಕ್ಕ ನೋಡುವವಳು, ನಡೆದದ್ದನ್ನು ಮೊದಲಿಂದ ಹೇಳಿ ಎಂದೆ.

"ಹುಳಿಮಾವಿನಾಗ ಕೆರಿ ಹಿಂದಿನ ಗಲ್ಲಿರೀ. ಅಜ್ಜಾರಿಗೆ ದಮ್ಮು ಹೆಚ್ಚಾತು. ಆಕ್ಸಿಜನ್ ಮಷೀನ್ ಹಚ್ಚಿದ್ರೂ ಲೆವೆಲ್ ಇಳಿಯಾಕತ್ತಿತ್ತು. ಆಸ್ಪತ್ರಿ ಆಂಬುಲೆನ್ಸಿಗೆ ಫೋನ್ ಮಾಡಿದ್ರ ಹೋಗವಲ್ದು. ಅವ್ರ ಸೊಸಿ ಹತ್ರಾನೂ ಇದ ಕಂಪನಿ ಸಿಮ್. ಕಡ್ಡಿ ಎಲ್ಲಾ ಅದಾವು ಮೇಡಂ, ಕಾಲ್ ಮಾತ್ರ ಹೋಗೂದಿಲ್ಲ. ಕಡೀಕ ನಾ ಮೇನ್ ರೋಡಿಗೆ ಓಡಿ ಒಂದ್ ಆಟೋ ಹಿಡ್ಕೊಂಡ್ ಬಂದೆ. ಆಟೋದಾಗ ಅವ್ರನ್ನ ಹೆಂಗ ಕರ್ಕೊಂಡ್ ಹೋದ್ವಿ ನಮಗ ಗೊತ್ತು."

"ಈಗ ಹೇಗಿದ್ದಾರೆ?"

"ಆಸ್ಪತ್ರ್ಯಾಗ ಅದಾರ. ಬುಧವಾರ ಮನಿಗೆ ಕಳಸ್ತಾರಂತ. ಮನ್ಯಾಗ ಮತ್ತ ಹಂಗ ಆದ್ರ ಯಾರಿಗೆ ಹೇಳೂಣ್ರೀ?"

ಫೋನಿಟ್ಟ ಮೇಲೆ ಕೆರೆಯ ಹಿಂದಿನ ಆ ಗಲ್ಲಿಗೆ ಬೀಳುವ ಸೆಲ್ ಯಾವುದೆಂದು ಹುಡುಕಿ, ಅದರ ಸಾಲುಗಳನ್ನು ತೆರೆದೆ. ಮೊದಲು ಬಂದ ಅನುಮಾನ ಫೈಲುಗಳೇ ಬಂದಿಲ್ಲವೇನೋ ಎಂಬುದು. ಆದರೆ ಫೈಲುಗಳು ಒಂದೂ ತಪ್ಪದೆ ಬಂದಿದ್ದವು. ಪೆಟ್ಟಿಗೆ ಚಾಲೂ ಇತ್ತು, ಯಾವ ಅಲಾರಂ ಕೂಡ ಇರಲಿಲ್ಲ. ಪ್ರಯತ್ನಿಸಿದ ಫೋನುಗಳ ಕಾಲಂನಲ್ಲಿ ಮಾತ್ರ ಹಿಂದಿನ ಶುಕ್ರವಾರದಿಂದ ಬರೀ ಸೊನ್ನೆ. ಸೊನ್ನೆಯಿಂದ ಭಾಗಿಸಲಾಗುವುದಿಲ್ಲ, ಹಾಗಾಗಿ ಶೇಕಡಾ ಕಾಲಂ ಖಾಲಿ. ಖಾಲಿ ಇರುವ ಸೆಲ್ಲನ್ನು ಸರಾಸರಿಯಿಂದ ಬಿಟ್ಟುಬಿಡುವಂತೆ ನಾವು ಬಳಸುವ ಟೂಲನ್ನು ಮೊದಲಿನಿಂದಲೂ ಹೊಂದಿಸಿಟ್ಟಿದ್ದಾರೆ. ಒಂದೂ ಕರೆ ಸೇರಿಸದ ಸೆಲ್ ಹೀಗೆ ಪಟ್ಟಿಯಿಂದ ಹೊರಗುಳಿದು, ಉಳಿದವುಗಳ ಸರಾಸರಿಯನ್ನು ಚಂದಗಾಣಿಸಿತ್ತು. ಬಾಗಿಲನ್ನೇ ತೆರೆಯದ ಅಂಗಡಿಯಲ್ಲಿ ಗಿರಾಕಿ ಬೈದು ಹೋದ ದಾಖಲೆ ಎಲ್ಲಿಂದ ಬರಬೇಕು?

ಮಂಗಳವಾರ ಇದನ್ನು ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಮುಂದಿಟ್ಟೆ. ಅವರು ಕೆಟ್ಟ ಮನುಷ್ಯರಲ್ಲ. ಆ ವಾರ ಅವರ ಮೇಲೆ ಮೂರು ಕಡೆಯಿಂದ ಒತ್ತಡವಿತ್ತು.

"ನೋಡಿ ಮೇಡಂ, ಹಬ್ಬದ ರಜ, ಅದಕ್ಕಂಟ್ಕೊಂಡು ವೀಕೆಂಡು. ಸ್ಕೂಲಿಲ್ಲ, ಆಫೀಸಿಲ್ಲ. ಅರ್ಧ ಬೆಂಗಳೂರು ಊರಿಗೋಗಿದೆ. ಕೆರೆ ಹಿಂದಿನ ಗಲ್ಲೀಲಿ ಟ್ರಾಫಿಕ್ ಇಲ್ದೆ ಇರೋದು ಏನ್ ದೊಡ್ಡ ವಿಷ್ಯ?"

"ಕಮ್ಮಿಯಾಗ್ಬೋದು ಸಾರ್. ಸೊನ್ನೆ ಹೇಗಾಗುತ್ತೆ?"

"ಅದು ಚಿಕ್ಕ ಸೆಲ್ಲು. ಫೀಲ್ಡ್ ಎಂಜಿನಿಯರನ್ನ ಕಳ್ಸಿ, ನೋಡ್ಕೊಂಡ್ ಬರ್ಲಿ. ಅಲ್ಲಿವರ್ಗೂ ಇದನ್ನ ದೊಡ್ಡದು ಮಾಡ್ಬೇಡಿ."

ಅವರ ಮಾತನ್ನು ತಳ್ಳಿಹಾಕಲು ನನ್ನ ಬಳಿ ಏನೂ ಇರಲಿಲ್ಲ. ಅಕ್ಕಪಕ್ಕದ ಸೆಲ್ಲುಗಳಲ್ಲೂ ಕರೆಗಳು ಇಳಿದಿದ್ದವು. ಹಿಂದಿನ ವಾರದೊಡನೆ ಹೋಲಿಸೋಣವೆಂದರೆ ಆಗ ರಜೆ ಇರಲಿಲ್ಲ. ಸಂಜೆಗೆ ಫೀಲ್ಡ್ ಎಂಜಿನಿಯರ್ ಫೋನ್ ಮಾಡಿದ. ಪರೀಕ್ಷೆಯ ಫೋನುಗಳಲ್ಲಿ ಕರೆ ಮಾಡಿ ನೋಡಿದ್ದೇನೆ, ಎಲ್ಲ ಓಕೆ ಎಂದ. ಮ್ಯಾನೇಜರ್ ಅದನ್ನು ಕೇಳಿ ನಿರಾಳರಾದರು. ನಾನೂ ಅರ್ಧ ನಂಬಿದೆ ಎಂದೇ ಹೇಳಬೇಕು. ಇನ್ನರ್ಧ ಒಳಗೇ ಕೊರೆಯುತ್ತಿತ್ತು.

ಜನರಿಲ್ಲದ ಸೆಲ್ ಮತ್ತು ಕೆಟ್ಟುಹೋದ ಸೆಲ್, ಎರಡೂ ಒಂದೇ ಥರದ ಸೊನ್ನೆ ಬರೆಯುತ್ತವೆ. ಆ ಸೆಲ್ಲನ್ನೇ ಎಷ್ಟು ಕೆದಕಿದರೂ ಉತ್ತರ ಸಿಗುವುದಿಲ್ಲ ಎಂದು ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು. ಅದರ ಬಗ್ಗೆ ಅಕ್ಕಪಕ್ಕದವರನ್ನು ಕೇಳಬೇಕಿತ್ತು. ಮಾತಾಡುತ್ತಾ ನಡೆಯುವವನು ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ಹೋದಾಗ ಮೊದಲನೆಯದು ಅವನ ಕರೆಯನ್ನು ಎರಡನೆಯದಕ್ಕೆ ದಾಟಿಸುತ್ತದೆ. ಎಷ್ಟು ಸಲ ದಾಟಿಸಲು ನೋಡಿದೆ, ಎಷ್ಟು ದಾಟಿದವು ಎಂಬ ಲೆಕ್ಕ ಇರುವುದು ದಾಟಿಸುವ ಸೆಲ್ಲಿನಲ್ಲಿ. ಸಾಮಾನ್ಯವಾಗಿ ಅದನ್ನು ನಾವು ಒಟ್ಟು ಮೊತ್ತವಾಗಿ ಮಾತ್ರ ನೋಡುತ್ತೇವೆ, ಯಾವ ಸೆಲ್ಲಿನಿಂದ ಯಾವುದಕ್ಕೆ ಎಂದು ಬಿಡಿಸುವುದಿಲ್ಲ.

ಆಫೀಸಿಗೆ ಬಂದವಳು ಬ್ಯಾಗನ್ನೂ ಇಳಿಸದೆ ಕೂತು ಬಿಡಿಸಿದೆ. ಬನ್ನೇರುಘಟ್ಟ ರಸ್ತೆಯ ಸೆಲ್, ಕೆರೆಯ ಆಚೆ ದಂಡೆಯ ಸೆಲ್, ಎರಡೂ ಆ ಗಲ್ಲಿಯ ಸೆಲ್ಲಿಗೆ ಕರೆಗಳನ್ನು ದಾಟಿಸಲು ಪ್ರತಿ ಗಂಟೆಯೂ ಪ್ರಯತ್ನಿಸುತ್ತಲೇ ಇದ್ದವು. ಗಲ್ಲಿಯಲ್ಲಿ ಜನ ಇದ್ದರು, ಮಾತಾಡುತ್ತಾ ಒಳಗೆ ಬರುತ್ತಿದ್ದರು. ದಾಟಿದ ಕರೆ ಒಂದೂ ಇರಲಿಲ್ಲ.

ಫೀಲ್ಡ್ ಎಂಜಿನಿಯರಿಗೆ ಫೋನ್ ಮಾಡಿ, ನಿನ್ನೆ ಸರಿಯಾಗಿ ಎಲ್ಲಿ ನಿಂತು ಪರೀಕ್ಷೆ ಮಾಡಿದಿರಿ ಎಂದು ಕೇಳಿದೆ.

"ಮೇನ್ ರೋಡಲ್ಲಿ ಮೇಡಂ. ಗಲ್ಲಿ ಪೂರ್ತಿ ಪೈಪಿಗೆ ಅಂತ ಅಗ್ದಿದ್ರು, ಕಾರ್ ಒಳಕ್ಕೆ ಹೋಗ್ಲಿಲ್ಲ. ಯಾಕೆ, ಏನಾಯ್ತು?"

"ಅಲ್ಲಿ ಹಿಡಿಯೋದು ಪಕ್ಕದ ಸೆಲ್ಲು. ಮತ್ತೆ ಅಲ್ಲಿಗೇ ಬನ್ನಿ. ನಾನೂ ಬರ್ತೀನಿ. ನಡ್ಕೊಂಡೇ ಹೋಗೋಣ."

ಗಲ್ಲಿ ಉದ್ದಕ್ಕೂ ಅಗೆದ ಮಣ್ಣಿನ ರಾಶಿ, ಅದರ ಮೇಲೆ ಹಲಗೆ. ನಡುವೆ ನಿಂತು ಫೋನ್ ತೆಗೆದೆ. ಕಡ್ಡಿಗಳು ಪೂರ್ತಿ ಇದ್ದವು. ಆಫೀಸಿಗೆ ಕರೆ ಮಾಡಿದರೆ ಮೌನ, ಆಮೇಲೆ ತಾನಾಗಿ ಕಟ್. ಎಂಜಿನಿಯರ್ ತನ್ನ ಪರೀಕ್ಷೆಯ ಫೋನಿನ ಪರದೆ ತೋರಿಸಿದ. ಸೆಲ್ ತನ್ನ ಹೆಸರನ್ನು ಗಟ್ಟಿಯಾಗಿ ಸಾರುತ್ತಿತ್ತು, ಕರೆದವರಿಗೆ ಓಗೊಡುತ್ತಿರಲಿಲ್ಲ. ನಮ್ಮ ಕಸುಬಿನಲ್ಲಿ ಇದನ್ನು ನಿದ್ದೆಹೋದ ಸೆಲ್ ಎನ್ನುತ್ತಾರೆ. ಪೂರ್ತಿ ಸತ್ತ ಸೆಲ್ ಇದಕ್ಕಿಂತ ವಾಸಿ. ಅದು ಸತ್ತರೆ ಫೋನುಗಳು ಪಕ್ಕದ ಸೆಲ್ಲನ್ನು ಹಿಡಿಯುತ್ತವೆ. ಇದರ ಸಿಗ್ನಲ್ ಬಲವಾಗಿರುವುದರಿಂದ ಫೋನುಗಳು ಇದನ್ನೇ ನಂಬಿ ಅಂಟಿಕೊಂಡಿರುತ್ತವೆ.

ಟವರ್ ಇದ್ದದ್ದು ಗಲ್ಲಿಯ ಕೊನೆಯ ನಾಲ್ಕಂತಸ್ತಿನ ಮನೆಯ ಮೇಲೆ. ಮಾಲೀಕರು ಹುಳಿಮಾವಿನ ಹಳಬರು, ಹಿಂದೆ ಅಲ್ಲೇ ಹೊಲ ಇಟ್ಟುಕೊಂಡಿದ್ದವರು, ಈಗ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಎಂಜಿನಿಯರ್ ಬರುವ ದಾರಿಯಲ್ಲೆಲ್ಲ ತಾರಸಿಯ ಬೀಗಕ್ಕಾಗಿ ಅವರಿಗೆ ಫೋನ್ ಮಾಡಿ ಸಾಕಾಗಿದ್ದ. ನೋಡಿದರೆ ಗೇಟಿನ ಬಳಿಯೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಅಂಕಲ್, ಎಷ್ಟ್ ಸಲ ಕಾಲ್ ಮಾಡೋದು ನಿಮ್ಗೆ?"

"ನಂಗಾ? ಯಾವಾಗ? ರಜದಲ್ಲಿ ಯಾವ ಬಾಡಿಗೆಯೋನೂ ನೀರಿಲ್ಲ, ಕರೆಂಟಿಲ್ಲ ಅಂತ ಫೋನ್ ಮಾಡ್ನಿಲ್ಲ, ಹೆಂಗೋ ನೆಮ್ದಿಯಾಗದೆ ಅನ್ಕೊಂಡಿದ್ದೆ ಕಣಪ್ಪಾ." ಫೋನ್ ತೆಗೆದು ನೋಡಿಕೊಂಡರು. "ಟವರ್ ಫುಲ್ಲದಲ್ಲ?"

ಅವರು ಬೀಗ ತೆಗೆದುಕೊಟ್ಟರು. ಇಬ್ಬರೂ ತಾರಸಿಗೆ ಹತ್ತಿದೆವು. ಎಂಜಿನಿಯರ್ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿದ. ನಾನು ಮಾಲೀಕರ ಮನೆಯ ವೈಫೈ ಹಿಡಿದು ಉಪಕರಣ ತಯಾರಿಸುವವರ ಲ್ಯಾಬಿಗೆ ಕರೆ ಮಾಡಿದೆ. ಅಲ್ಲಿಯವರು ಹೇಳಿದ್ದು ಇಷ್ಟು. ರೀಸ್ಟಾರ್ಟ್ ಮಾಡಿದರೆ ಸೆಲ್ ಎದ್ದುಕೊಳ್ಳುತ್ತದೆ. ಆದರೆ ಯಾಕೆ ಮಲಗಿತು ಎಂಬುದರ ಸುಳಿವು ಪೆಟ್ಟಿಗೆಯ ಮೆಮೊರಿಯಲ್ಲಿದೆ, ರೀಸ್ಟಾರ್ಟ್ ಆದರೆ ಅದು ಅಳಿಸಿಹೋಗುತ್ತದೆ. ಮೆಮೊರಿಯನ್ನು ಇಳಿಸಿಕೊಳ್ಳುವ ಟೂಲಿಗೆ ಅವರ ಕಡೆ ಅನುಮತಿ ಸಿಗಬೇಕು, ಸಂಜೆಯಾಗಬಹುದು, ನಾಳೆಯೂ ಆಗಬಹುದು. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟಕೂಡದು.

ಅವರ ಮಾತು ತಪ್ಪಾಗಿರಲಿಲ್ಲ. ಆ ಸುಳಿವು ಕೈಯಲ್ಲಿದ್ದರೆ ಶುಕ್ರವಾರದ ಸಭೆಯಲ್ಲಿ ಯಾರೂ ಎದುರಾಡುವ ಹಾಗಿರಲಿಲ್ಲ. ಅದಿಲ್ಲದೆ ಹೋದರೆ, ಎದ್ದು ಸರಿಯಾದ ಒಂದು ಸೆಲ್ ಮತ್ತು ನನ್ನ ಮಾತು, ಇಷ್ಟೇ. ಸಭೆಯಲ್ಲಿ ನಾನು ಸೋತರೆ ಇದೇ ಸಾಫ್ಟ್‌ವೇರ್ ಸಾವಿರಾರು ಸೆಲ್ಲುಗಳಿಗೆ ಹೋಗುತ್ತದೆ, ಇಂಥ ಗಲ್ಲಿಗಳು ಎಷ್ಟಾಗುತ್ತವೋ ಯಾರಿಗೆ ಗೊತ್ತು. ಇನ್ನೂ ಕೆಲವು ಗಂಟೆ ಕಾಯುವುದೇ ಜಾಣತನ ಎಂದು ತಾರಸಿಯ ಬಿಸಿಲಿನಲ್ಲಿ ನಿಂತು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆಗ ಕೆಳಗೆ ಗಲ್ಲಿಯ ಬಾಯಲ್ಲಿ ಆಂಬುಲೆನ್ಸ್ ನಿಂತಿತು. ಅಗೆದ ರಸ್ತೆಯಲ್ಲಿ ಒಳಗೆ ಬರಲಾಗದೆ, ಇಬ್ಬರು ಒಬ್ಬ ಮುದುಕರನ್ನು ಕುರ್ಚಿಯಲ್ಲಿ ಕೂರಿಸಿ ಹಲಗೆಗಳ ಮೇಲೆ ಎತ್ತಿಕೊಂಡು ಬಂದರು. ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದ ಹುಡುಗಿ. ಆ ನರ್ಸೇ ಇರಬೇಕೆಂದು ನಾನು ಕೆಳಗಿಳಿದು ಹೋಗಿ, ಸೋಮವಾರ ಫೋನ್ ಮಾಡಿದವಳು ನಾನೇ ಎಂದೆ.

ಅವಳು ನನ್ನನ್ನೂ, ಮೇಲಿನ ಟವರನ್ನೂ ನೋಡಿದಳು. "ಸರಿ ಆತೇನ್ರೀ ಮೇಡಂ?"

"ತೊಂದರೆ ಏನು ಅಂತ ಸಿಕ್ಕಿದೆ. ಪರೀಕ್ಷೆಗೆ ಸ್ವಲ್ಪ ಟೈಮ್ ಬೇಕು ಅಂತಿದ್ದಾರೆ. ಸಂಜೆವರೆಗೆ, ಇಲ್ಲಾ ನಾಳೆ..."

"ಅಲ್ಲೀತನಕ ಅಜ್ಜಾರಿಗೆ ಏನರ ಆದ್ರ ಮತ್ತ ನಾ ಓಡಬೇಕೇನ್ರೀ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನ ಸಂಜೆಯ ಡ್ಯೂಟಿ ಹೇಗಿರಬೇಕೆಂದು ತಿಳಿದುಕೊಳ್ಳಲು ಕೇಳಿದಂತಿತ್ತು. ನಾನು ಅಲ್ಲಿಂದಲೇ ಮೇಲಕ್ಕೆ ಕೂಗಿದೆ.

"ರೀಸ್ಟಾರ್ಟ್ ಕೊಡಿ!"

ಎಂಜಿನಿಯರ್ ತಾರಸಿಯ ಅಂಚಿಗೆ ಬಂದ. "ಮೇಡಂ, ಎಲ್ಲಾ ಅಳ್ಸೋಗುತ್ತೆ. ಆಮೇಲೆ ನಮ್ಮತ್ರ ಏನೂ ಇರಲ್ಲ."

"ಗೊತ್ತು. ಕೊಡಿ. ನಾನು ಹೇಳ್ದೆ ಅಂತ ಬರ್ಕೊಳ್ಳಿ."

ಸೆಲ್ ಎದ್ದಿತು. ನರ್ಸ್ ತನ್ನ ಫೋನಿನಿಂದ ನನ್ನ ಫೋನಿಗೆ ಕರೆ ಮಾಡಿ, ರಿಂಗಾದದ್ದನ್ನು ಕೇಳಿ ಒಳಗೆ ಹೋದಳು. ಒಳಗೆ ಮಷೀನ್ ಹಚ್ಚುವ ಕೆಲಸವಿತ್ತು.

ಮ್ಯಾನೇಜರ್ ಅವರಿಗೆ ಸಿಟ್ಟು ಬಂದದ್ದು ಸಹಜ. "ನಿದ್ದೆಹೋಗಿತ್ತು ಅಂತೀರ. ಈಗ ನೋಡಿದ್ರೆ ಚೆನ್ನಾಗಿದೆ. ಪ್ರೂಫ್ ಕೇಳಿದ್ರೆ ಏನ್ ತೋರಿಸ್ಲಿ ನಾನು? ಲ್ಯಾಬ್‌ನೋರು ಬೇರೆ ಕೂಗಾಡ್ತಿದಾರೆ."

"ಲೆಕ್ಕ ಇದೆ ಸಾರ್. ಅದನ್ನೇ ತೋರಿಸ್ತೀನಿ."

"ಅದು ಸಾಕಾಗಲ್ಲ ಅಂದ್ರೆ?"

ಗುರುವಾರವಿಡೀ ಪ್ರಯೋಗದ ಪ್ರತಿ ಸೆಲ್ಲಿನ ಬಗ್ಗೆ ಅದರ ಅಕ್ಕಪಕ್ಕದ ಸೆಲ್ಲುಗಳು ಏನು ಎಣಿಸಿವೆ ಎಂದು ತೆಗೆಯುತ್ತಾ ಕೂತೆ. ಊಟಕ್ಕೆ ಏಳಲಿಲ್ಲ. ಹುಳಿಮಾವಿನಂತೆ ಮಲಗಿ, ಬೇರೆ ಯಾವುದೋ ಕೆಲಸಕ್ಕಾಗಿ ರೀಸ್ಟಾರ್ಟ್ ಆದಾಗ ತಾವಾಗಿ ಎದ್ದ ಸೆಲ್ಲುಗಳು ಇನ್ನೂ ಕೆಲವು ಸಿಕ್ಕವು. ಎಲ್ಲವೂ ಹೊಸ ಸಾಫ್ಟ್‌ವೇರ್ ಬಂದ ಮೇಲಿನವು. ಖಾಲಿ ಜಾಗವನ್ನು ಬಿಟ್ಟುಬಿಡದೆ ವಿಫಲ ಎಂದೇ ಹಿಡಿದು ಸರಾಸರಿ ಹಾಕಿದೆ. ಸೋಮವಾರ ಕಂಡಿದ್ದ ಏರಿಕೆ ಉಳಿಯಲಿಲ್ಲ.

ಶುಕ್ರವಾರದ ಸಭೆಯಲ್ಲಿ ಆಪರೇಟರ್ ಕಂಪನಿಯ ಮುಖ್ಯ ಎಂಜಿನಿಯರ್ ಮೊದಲು ಕೇಳಿದ್ದೇ, "ಆ ಸೆಲ್ ಈಗ ಸರಿಯಿದೆ, ಅಲ್ವಾ?"

"ಇದೆ ಸಾರ್."

"ಮತ್ತೆ ಒಪ್ಪಿಗೆ ಕೊಡೋಕೆ ಏನ್ ತೊಂದರೆ?"

ನಾನು ಮೊದಲು ಒಂದು ನಕ್ಷೆ ತೋರಿಸಿದೆ. ಹುಳಿಮಾವಿನ ಸೆಲ್ಲಿಗೆ ನೆರೆಯ ಸೆಲ್ಲುಗಳು ದಾಟಿಸಲು ನೋಡಿದ ಕರೆಗಳು ಒಂದು ಗೆರೆ, ದಾಟಿದವು ಇನ್ನೊಂದು ಗೆರೆ. ದಿನಗಟ್ಟಲೆ ಎರಡನೆಯದು ನೆಲಕ್ಕೆ ಅಂಟಿಕೊಂಡಿತ್ತು. ಬುಧವಾರ ನಾವು ರೀಸ್ಟಾರ್ಟ್ ಕೊಟ್ಟ ಗಳಿಗೆಯಲ್ಲಿ ಅದು ನೆಟ್ಟಗೆ ಎದ್ದು ಮೊದಲನೆಯದನ್ನು ಮುಟ್ಟಿತ್ತು. ಆಮೇಲೆ ಬೇರೆ ಸೆಲ್ಲುಗಳ ಅಂಥವೇ ನಕ್ಷೆಗಳು. ಕೊನೆಗೆ ಸರಿಪಡಿಸಿದ ಸರಾಸರಿ.

"ಈ ಅಂಕಿಗಳ ಮೇಲೆ ನಾನು ಒಪ್ಪಿಗೆ ಕೊಡಲ್ಲ ಸಾರ್" ಎಂದೆ.

ಮುಖ್ಯ ಎಂಜಿನಿಯರ್ ಹುಳಿಮಾವಿನ ನಕ್ಷೆಯನ್ನು ಮತ್ತೊಮ್ಮೆ ಹಾಕಿಸಿ ನೋಡಿದರು. "ಆಯ್ತು, ಒಂದು ವಾರ ನಿಲ್ಸೋಣ. ಮಲಗಿರೋದನ್ನ ಮಲಗಿರೋವಾಗ್ಲೇ ಹಿಡ್ಕೊಡಿ. ಸಿಗ್ಲಿಲ್ಲ ಅಂದ್ರೆ ಮುಂದಕ್ಕೆ ಹೋಗ್ತೀವಿ. ಅಷ್ಟೊಂದು ಜನರ ಕೆಲ್ಸ ನಿಮ್ಮೊಂದು ನಕ್ಷೆಗೆ ನಿಲ್ಲಿಸ್ಕೊಂಡು ಕೂರೋಕಾಗಲ್ಲ."

ಮ್ಯಾನೇಜರ್ ಅಂದೇ ಲ್ಯಾಬಿಗೆ ಬರೆದು, ಮೆಮೊರಿ ಇಳಿಸುವ ಟೂಲಿಗೆ ಮುಂಚಿತವಾಗಿ ಅನುಮತಿ ತರಿಸಿಟ್ಟರು.

ಆ ವಾರವನ್ನು ಹೇಗೆ ಕಳೆದೆನೋ ನಾನು. ನೆರೆಯ ಸೆಲ್ಲುಗಳು ಕರೆ ದಾಟಿಸಲು ನೋಡುತ್ತಿದ್ದರೂ ಒಂದೂ ದಾಟದ ಸೆಲ್ ಕಂಡರೆ ಆ ಕ್ಷಣವೇ ನನಗೆ ತಿಳಿಸುವ ಸಣ್ಣ ಪ್ರೋಗ್ರಾಂ ಬರೆದಿದ್ದೆ. ಹೊಸ ಫೈಲುಗಳು ಬಂದಾಗಲೆಲ್ಲ ಅದು ಓಡುತ್ತಿತ್ತು, ಏನೂ ಸಿಗದೆ ಸುಮ್ಮನಾಗುತ್ತಿತ್ತು. ಸಿಗಲಿ ಎಂದು ನಾನು ಕಾಯುತ್ತಿದ್ದೆ. ಸಿಗಲಿ ಎಂದರೆ, ದಕ್ಷಿಣ ಬೆಂಗಳೂರಿನ ಯಾವುದೋ ಬೀದಿಯಲ್ಲಿ ಯಾರದೋ ಫೋನ್ ಕೈಕೊಡಲಿ ಎಂದೇ ಅರ್ಥ. ಇದು ಮನಸ್ಸಿಗೆ ಬಂದಾಗಲೆಲ್ಲ ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದೆ. ಫೀಲ್ಡ್ ಎಂಜಿನಿಯರ್ ಒಮ್ಮೆ, "ಈ ವಾರ ಎಲ್ಲಾ ಸೆಲ್ಲೂ ಎಷ್ಟ್ ಒಳ್ಳೇವಾಗ್ಬಿಟ್ಟಿವೆ ನೋಡಿ ಮೇಡಂ" ಎಂದು ತಮಾಷೆ ಮಾಡಿದ. ನನಗೆ ಅವನ ಮೇಲೆ ರೇಗಿಹೋಯಿತು.

ಆ ನಡುವೆ ನರ್ಸ್ ತಾನಾಗಿ ಫೋನ್ ಮಾಡಿದಳು. ಅಜ್ಜನ ಸೊಸೆ ಕೇಳಲು ಹೇಳಿದ್ದಳಂತೆ: ಅವತ್ತು ತಪ್ಪು ಯಾರದು, ನಮ್ಮ ಫೋನಿನದೋ? ಇಂಥದ್ದಕ್ಕೆ ಉತ್ತರಿಸುವ ಕೆಲಸ ನಮ್ಮದಲ್ಲ, ಆಪರೇಟರಿನವರಿಗೆ ಬಿಡಬೇಕು ಎಂಬುದು ನಮ್ಮಲ್ಲಿಯ ಕಟ್ಟುನಿಟ್ಟು.

"ನಿಮ್ಮ ಫೋನಿಂದಲ್ಲ. ತಪ್ಪು ಟವರಿನ ಪೆಟ್ಟಿಗೇಲಿತ್ತು. ಅದು ನಮ್ಮ ಕಡೆಯದೇ" ಎಂದೆ.

"ಹಂಗಾರ ಅವ್ರಿಗೆ ಹಂಗ ಹೇಳ್ತೀನ್ರೀ" ಎಂದಳು. "ಹೊಸಾ ಫೋನ್ ತಗೊಳ್ಳಾಕ ಹೊಂಟಿದ್ರು."

ವಾರ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಾಗ ಪರದೆಯ ಮೇಲೆ ಒಂದು ಸಾಲು ಬಂದು ನಿಂತಿತ್ತು. ಹೊಸಕೆರೆಹಳ್ಳಿಯ ಒಂದು ಸೆಲ್. ನೆರೆಯವರ ಪ್ರಯತ್ನ ಸಾಕಷ್ಟು, ದಾಟಿದ್ದು ಒಂದೂ ಇಲ್ಲ. ಹಿಂದಿನ ಫೈಲಿನಲ್ಲಿ ಅದು ಚೆನ್ನಾಗಿಯೇ ಇತ್ತು, ಅಂದರೆ ಆಗಷ್ಟೇ ಮಲಗಿತ್ತು. ನಾನು ಕೂಗಿದ ದನಿಗೆ ಮ್ಯಾನೇಜರ್ ತಮ್ಮ ಕೋಣೆಯಿಂದ ಎದ್ದು ಬಂದರು.

"ಮೆಮೊರಿ ಇಳಿಸೋಕೆ ಎಷ್ಟ್ ಹೊತ್ತು ಬೇಕು?"

"ಅರ್ಧ ಗಂಟೆ ಆಗ್ಬೋದು ಸಾರ್. ಆದ್ರೆ ಅಲ್ಲೀವರ್ಗೂ ಅಲ್ಲಿಯ ಜನಕ್ಕೆ..."

ಹುಳಿಮಾವಿನಿಂದ ಬಂದ ಮೇಲೆ ನಾನು ಯೋಚಿಸಿಟ್ಟಿದ್ದ ಒಂದು ಉಪಾಯವಿತ್ತು, ಯಾರೂ ಮಾಡಿ ನೋಡಿರಲಿಲ್ಲ. 'ನನ್ನನ್ನು ಹಿಡಿಯಬೇಡಿ' ಎಂದು ಸೆಲ್ ತಾನೇ ಫೋನುಗಳಿಗೆ ಸಾರುವಂತೆ ಒಂದು ಸೆಟ್ಟಿಂಗ್ ಬದಲಾಯಿಸಬಹುದು. ಫೋನುಗಳು ಅದನ್ನು ಬಿಟ್ಟು ಪಕ್ಕದ ಸೆಲ್ಲುಗಳಿಗೆ ಹೋಗುತ್ತವೆ. ಸಿಗ್ನಲ್ ಕಡಿಮೆಯಾಗುತ್ತದೆ, ಕರೆ ಹೋಗುತ್ತದೆ. ಮಲಗಿದ್ದು ಮಲಗಿಯೇ ಇರುತ್ತದೆ. ಆದರೆ ಆ ಬದಲಾವಣೆಗೇ ಪೆಟ್ಟಿಗೆ ರೀಸ್ಟಾರ್ಟ್ ಆಗಿಬಿಟ್ಟರೆ ಈ ಸಲದ ಸುಳಿವೂ ಹೋಯಿತು.

ಹೇಳಿದೆ. ಮ್ಯಾನೇಜರ್ ಪರದೆಯ ಆ ಸಾಲಿನ ಮೇಲೆ ಬೆರಳಿಟ್ಟರು.

"ಮೊದ್ಲು ಜನಾನ ಆಚೆ ಕಳ್ಸಿ. ಆಮೇಲೆ ಮೆಮೊರಿ. ಏನಾದ್ರೂ ಆದ್ರೆ ನಾನ್ ನೋಡ್ಕೋತೀನಿ."

ನಾನು ಸೆಟ್ಟಿಂಗ್ ಬದಲಾಯಿಸಿದೆ. ಪೆಟ್ಟಿಗೆ ರೀಸ್ಟಾರ್ಟ್ ಆಗಲಿಲ್ಲ. ಮೆಮೊರಿ ಇಳಿಯತೊಡಗಿತು. ಇಬ್ಬರೂ ಕುರ್ಚಿ ಎಳೆದುಕೊಂಡು ಅದನ್ನೇ ನೋಡುತ್ತಾ ಕೂತೆವು. ನಡುವೆ ಒಮ್ಮೆ ನಿಂತಂತಾಗಿ, ಮತ್ತೆ ಸಾಗಿತು. ಪೂರ್ತಿ ಬಂದ ಮೇಲೆ ಲ್ಯಾಬಿಗೆ ಕಳಿಸಿ, ಅವರು ತೆರೆದು ನೋಡಿ ಸರಿಯಾಗಿದೆ ಎಂದ ಮೇಲೆ ರೀಸ್ಟಾರ್ಟ್ ಕೊಟ್ಟೆ. ಅದರಲ್ಲಿ ಸಿಕ್ಕ ದೋಷವನ್ನು ತಿದ್ದಲು ಅವರಿಗೆ ಆಮೇಲೆ ಸಾಕಷ್ಟು ದಿನ ಹಿಡಿಯಿತು. ಇಡೀ ಊರಿಗೆ ಹೋದದ್ದು ಆ ತಿದ್ದಿದ ಸಾಫ್ಟ್‌ವೇರ್. ಖಾಲಿ ಜಾಗವನ್ನು ಕೆಂಪಾಗಿ ತೋರಿಸುವಂತೆ ನಮ್ಮ ವರದಿಯನ್ನೂ ಬದಲಾಯಿಸಿದೆವು.

ಇದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಮ್ಯಾನೇಜರ್ ಎದ್ದು ಹೋದ ಮೇಲೂ ನಾನು ಮುಂದಿನ ಫೈಲಿಗಾಗಿ ಕಾದು ಕೂತೆ. ಬಂತು. ಹೊಸಕೆರೆಹಳ್ಳಿಯ ಆ ಸೆಲ್ಲಿನ ಸಾಲಿನಲ್ಲಿ, ಸೊನ್ನೆ ಇದ್ದ ಕಾಲಂನಲ್ಲಿ, ಒಂದು ಸಣ್ಣ ಸಂಖ್ಯೆ ಇತ್ತು. ಅಷ್ಟು ಮಂದಿ ಅಲ್ಲಿ ಯಾರ್ಯಾರಿಗೋ ಫೋನ್ ಮಾಡಿದ್ದರು, ಎಲ್ಲರದೂ ಹೋಗಿತ್ತು. ಏನು ಮಾತಾಡಿಕೊಂಡರೋ, ಅದನ್ನು ಎಣಿಸುವ ಕೌಂಟರ್ ನಮ್ಮಲ್ಲಿಲ್ಲ.